ತರಗತಿಯಲ್ಲಿ ಮಾತನಾಡುವವರು ಯಾರು?

ಮೇ ತಿಂಗಳು ಸಮೀಪಿಸಿತೆಂದರೆ ನಮ್ಮಲ್ಲಿಗೆ ಬರುವ ಬಂಧುಗಳಲ್ಲಿ ಬಹುಮಂದಿಯ ಪ್ರಶ್ನೆ ಒಂದೇ ಆಗಿರುತ್ತದೆ: “ಶಾಸ್ತ್ರಿಗಳೇ, ಮೊಮ್ಮಗುವನ್ನು ಯಾವ ಶಾಲೆಗೆ ಸೇರಿಸೋಣ?” ನೀವು ನೋಡಿಬಂದ ಶಾಲೆಯಲ್ಲಿ ಏನು ಕಂಡಿರಿ ಎಂದು ನಾವು ಮರಳಿ ಕೇಳುತ್ತೇವೆ. ಕಟ್ಟಡ ಕಂಡೆವು, ಬಸ್ಸು ಕಂಡೆವು, ಕಂಪ್ಯೂಟರ್ ಕೊಠಡಿ ಕಂಡೆವು, ಹತ್ತನೆಯ ತರಗತಿಯ ಫಲಿತಾಂಶದ ಫಲಕ ಕಂಡೆವು ಎನ್ನುತ್ತಾರೆ. ತರಗತಿಯೊಳಗೆ ಕಾಲು ಗಂಟೆ ಕುಳಿತು ಪಾಠ ನೋಡಿಬಂದೆವೆಂದು ಹೇಳಿದವರು ವಿರಳ. ಸಂತೆಯಲ್ಲಿ ಎತ್ತು ಕೊಳ್ಳುವಾಗ ನಮ್ಮ ಜನ ಹಲ್ಲು ನೋಡುತ್ತಾರೆ, ಸುಳಿ ನೋಡುತ್ತಾರೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾರೆ. ಶಾಲೆಯನ್ನು ಮಾತ್ರ ಹೊರಗೋಡೆಯ ಬಣ್ಣ ನೋಡಿ ಒಪ್ಪಿಬಿಡುತ್ತಾರೆ.

ಫಲಿತಾಂಶದ ಫಲಕವನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದಕ್ಕೆ ಈಚಿನ ಮೂರು ವರ್ಷಗಳ ಲೆಕ್ಕವೇ ಸಾಕು. 2023ರಲ್ಲಿ ನಮ್ಮ ರಾಜ್ಯದ ಎಸ್.ಎಸ್.ಎಲ್.ಸಿ. ಫಲಿತಾಂಶ ಶೇಕಡಾ 83.89 ಇದ್ದಿತು. 2024ರಲ್ಲಿ ಪರೀಕ್ಷಾ ಕೊಠಡಿಗಳ ಮೇಲೆ ಕ್ಯಾಮರಾದ ನೇರ ನಿಗಾ ಬಂದಿತು. ಫಲಿತಾಂಶ ಶೇಕಡಾ 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಹಿಂದಿಗಿಂತ ಹೆಚ್ಚಿಸಿ ಕೈಹಿಡಿದೆತ್ತಿದ ಮೇಲೆ. ಆ ಹೆಚ್ಚುವರಿ ಕೃಪಾಂಕವಿಲ್ಲದೆ ನಡೆದ 2025ರ ಮೊದಲ ಪರೀಕ್ಷೆಯಲ್ಲಿ ಅದು ಶೇಕಡಾ 62.34. ಎರಡೇ ವರ್ಷಗಳಲ್ಲಿ ನಮ್ಮ ಶಿಕ್ಷಕರೆಲ್ಲ ಪಾಠ ಹೇಳುವುದನ್ನು ಮರೆತರೇ? ಮಕ್ಕಳ ಬುದ್ಧಿ ಮಂಕಾಯಿತೇ? ಎರಡೂ ಅಲ್ಲವೆಂಬುದು ಸ್ಪಷ್ಟ. ಆ ಅಂಕಿ ಪಾಠವನ್ನು ಅಳೆದುದಕ್ಕಿಂತ ಪರೀಕ್ಷೆಯ ಕಾವಲನ್ನು ಹೆಚ್ಚಾಗಿ ಅಳೆಯಿತು. ಹೀಗಿರಲು, ಶಾಲೆಯ ಬೋಧನೆಯಲ್ಲಿ ಗಟ್ಟಿಯಾದುದು ಯಾವುದು, ಇನ್ನೂ ಬೆಳೆಯಬೇಕಾದುದು ಯಾವುದು ಎಂದು ತಿಳಿಯಬಯಸುವವರು ತರಗತಿಯ ಬಾಗಿಲಿನವರೆಗಾದರೂ ಹೋಗಲೇಬೇಕು.

ಕಳೆದ ಹಲವು ವರ್ಷಗಳಿಂದ ಅಂತಹ ಅವಕಾಶ ನಮಗೆ ಒದಗಿದೆ. ಸರ್ಕಾರಿ ಶಾಲೆಗಳಲ್ಲಿಯೂ ನಮ್ಮ ಸಮಾಜದ ಸಂಸ್ಥೆಗಳು ನಡೆಸುವ ಶಾಲೆಗಳಲ್ಲಿಯೂ ಹಿಂದಿನ ಬೆಂಚಿನಲ್ಲಿ ಕುಳಿತು ಪಾಠ ಕೇಳಿದ್ದೇವೆ. ಊರು ಬೇರೆ, ಮಾಧ್ಯಮ ಬೇರೆ, ಸಮವಸ್ತ್ರ ಬೇರೆ ಆದರೂ ಒಂದು ಮಾತು ಎಲ್ಲೆಡೆಯೂ ಕಿವಿಗೆ ಬಿದ್ದಿದೆ. ಹದಿನೈದು ನಿಮಿಷ ವಿವರಣೆ ನೀಡಿದ ಗುರುಗಳು ಕೇಳುತ್ತಾರೆ: “ತಿಳೀತೇನ್ರೋ?” ಇಡೀ ತರಗತಿ ಒಂದೇ ರಾಗದಲ್ಲಿ ಕೂಗುತ್ತದೆ: “ತಿಳೀತ್ರೀ ಸರ!” ಪಾಠ ಮುಂದೆ ಸಾಗುತ್ತದೆ. ಆ ಕೂಗಿನಲ್ಲಿ ನಲವತ್ತು ಕಂಠಗಳು ಸೇರಿರುತ್ತವೆ. ನಿಜವಾಗಿ ತಿಳಿದವರು ಹತ್ತೋ ಹದಿನೈದೋ ಎಂಬುದು ಗುರುಗಳಿಗೂ ಗೊತ್ತಾಗುವುದಿಲ್ಲ. ಕಿಟಕಿಯ ಬದಿಯಲ್ಲಿ ಕುಳಿತು ತುಟಿಯನ್ನಷ್ಟೇ ಆಡಿಸಿದ ಹುಡುಗಿ ಹತ್ತು ವರ್ಷ ಹೀಗೆಯೇ ತುಟಿಯಾಡಿಸುತ್ತ ಮೇಲಿನ ತರಗತಿಗೆ ಹೋಗಬಲ್ಲಳು. ಹಾಜರಿ ಪುಸ್ತಕದಲ್ಲಿ ಅವಳು ಇದ್ದಾಳೆ. 2002ರಲ್ಲಿ ಆರಂಭವಾದ ಅಕ್ಷರ ದಾಸೋಹದ ಪಂಕ್ತಿಯಲ್ಲಿಯೂ ಇದ್ದಾಳೆ. ಮಗುವನ್ನು ಶಾಲೆಗೆ ಕರೆತಂದು ಉಣಬಡಿಸಿ ಉಳಿಸಿಕೊಂಡದ್ದು ನಮ್ಮ ನಾಡಿನ ದೊಡ್ಡ ಸಾಧನೆಯೇ ಸರಿ, ಅದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಆದರೆ ಪಾಠ ನಡೆಯುವಾಗ ಅವಳು ಎಲ್ಲಿದ್ದಾಳೆಂದು ಯಾವ ಪುಸ್ತಕವೂ ಹೇಳುವುದಿಲ್ಲ.

ಪ್ರಶ್ನೆ ಕೇಳಿದ ಮೇಲೆ ಗುರುಗಳು ಎಷ್ಟು ಹೊತ್ತು ಕಾಯುತ್ತಾರೆ? ಇದು ತೀರ ಸಣ್ಣ ಸಂಗತಿಯೆಂದು ತೋರಬಹುದು. ಅಮೆರಿಕದ ಮೇರಿ ಬಡ್ ರೋ ಎಂಬ ವಿದುಷಿ ತರಗತಿಗಳ ಧ್ವನಿಮುದ್ರಣಗಳನ್ನು ಕೇಳಿ ಇದನ್ನೇ ಅಳೆದು 1974ರಲ್ಲಿ ಪ್ರಕಟಿಸಿದರು. ಶಿಕ್ಷಕರು ಸರಾಸರಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುತ್ತಿದ್ದರು. ಅಷ್ಟರಲ್ಲಿ ಉತ್ತರ ಬಾರದಿದ್ದರೆ ಮತ್ತೊಬ್ಬ ಹುಡುಗನತ್ತ ಬೆರಳು, ಇಲ್ಲವೇ ತಾವೇ ಉತ್ತರ. ಮೂರು ಸೆಕೆಂಡಿಗೆ ತಡೆದಾಗ ಮಕ್ಕಳ ಉತ್ತರಗಳು ಉದ್ದವಾದವು, ಹಿಂದೆ ಬಾಯಿಬಿಡದವರೂ ಮಾತನಾಡತೊಡಗಿದರು. ಇದನ್ನು ಓದಿದ ಮೇಲೆ ನಾವು ಹಲವು ತರಗತಿಗಳಲ್ಲಿ ಮನಸ್ಸಿನೊಳಗೆ ಒಂದು, ಎರಡು, ಮೂರು ಎಂದು ಎಣಿಸಿ ನೋಡಿದ್ದುಂಟು. ‘ಎರಡು’ ಎನ್ನುವಷ್ಟರಲ್ಲಿ ಮುಂದಿನ ಸಾಲಿನ ಚುರುಕು ಹುಡುಗ ಉತ್ತರ ಹೇಳಿ ಆಗಿರುತ್ತದೆ. ಎಲ್ಲ ತರಗತಿಗಳಲ್ಲಿಯೂ ಅಂತಹ ಮೂರು ನಾಲ್ಕು ಮಕ್ಕಳಿರುತ್ತಾರೆ. ಪರಿವೀಕ್ಷಕರು ಬಂದಾಗ ಶಾಲೆಯ ಮಾನ ಕಾಯುವವರು ಅವರೇ.

ಇನ್ನು ತಪ್ಪು ಉತ್ತರದ ವಿಷಯ. ಮೂರನೆಯ ತರಗತಿಯೊಂದರಲ್ಲಿ 52ರಿಂದ 27ನ್ನು ಕಳೆಯುವ ಲೆಕ್ಕವಿತ್ತು. ಹುಡುಗನೊಬ್ಬ 35 ಎಂದು ಬರೆದಿದ್ದ. ಇಂತಹ ಪಾಟಿಯ ಮೇಲೆ ಅಡ್ಡಗೆರೆ ಎಳೆದು “ಸರಿಯಾಗಿ ಮಾಡು” ಎಂದು ಮರಳಿಸುವುದು ನಾವು ಹೆಚ್ಚಾಗಿ ಕಂಡ ರೀತಿ. ಈ ಗುರುಮಾತೆ ಹಾಗೆ ಮಾಡಲಿಲ್ಲ. “ಹೆಂಗ ಮಾಡಿದಿ, ನನಗೂ ಹೇಳು” ಎಂದು ಪಕ್ಕದಲ್ಲಿ ಕುಳಿತರು. ಏಳರಲ್ಲಿ ಎರಡು ಹೋದರೆ ಐದು, ಐದರಲ್ಲಿ ಎರಡು ಹೋದರೆ ಮೂರು ಎಂದ ಹುಡುಗ. ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕೆಂದು ಅವನಿಗೆ ಕಲಿಸಲಾಗಿತ್ತು. ಆ ಪಾಠವನ್ನು ಅವನು ತಪ್ಪದೆ ಪಾಲಿಸಿದ್ದ! ಗುರುಮಾತೆ ಹತ್ತು ಹತ್ತು ಕಡ್ಡಿಗಳ ಐದು ಕಟ್ಟುಗಳನ್ನೂ ಎರಡು ಬಿಡಿ ಕಡ್ಡಿಗಳನ್ನೂ ಅವನ ಮುಂದಿಟ್ಟು, “ಇದರಾಗಿನ ಇಪ್ಪತ್ತೇಳು ನನಗ ಕೊಡು” ಎಂದರು. ಎರಡು ಕಟ್ಟು ಕೊಟ್ಟ, ಎರಡು ಬಿಡಿ ಕಡ್ಡಿ ಕೊಟ್ಟ, ಕೈ ತಡೆದ. ಆಮೇಲೆ ತಾನೇ ಒಂದು ಕಟ್ಟಿನ ರಬ್ಬರು ಬಿಚ್ಚಿದ. ದಶಕ ತೆಗೆದುಕೊಳ್ಳುವುದೆಂದರೆ ಏನೆಂದು ಯಾರೂ ಅವನಿಗೆ ಹೇಳಬೇಕಾಗಲಿಲ್ಲ. ಇದಕ್ಕೆ ಹಿಡಿದದ್ದು ಆರೇಳು ನಿಮಿಷ. ಆ ಹೊತ್ತಿನಲ್ಲಿ ಉಳಿದ ಮಕ್ಕಳು ತಮ್ಮ ಪಾಡಿಗೆ ತಾವು ಜೋಡಿಗಳಲ್ಲಿ ಲೆಕ್ಕ ಮಾಡುತ್ತಿದ್ದರು. ಆ ಏರ್ಪಾಡು ಇಲ್ಲದಿದ್ದರೆ ಆರೇಳು ನಿಮಿಷ ಎಲ್ಲಿಂದ ಬರಬೇಕು?

ಮಕ್ಕಳು ಮಕ್ಕಳಿಂದ ಕಲಿಯುವ ಈ ಏರ್ಪಾಡನ್ನು ಹೊಸದೆಂದು ತಿಳಿದು ಹುಬ್ಬೇರಿಸುವವರಿದ್ದಾರೆ. ನಾವು ಬೆಳೆದ ಮಠದ ಪಾಠಶಾಲೆಯಲ್ಲಿ ಅಮರಕೋಶವನ್ನು ಕಿರಿಯರಿಂದ ಒಪ್ಪಿಸಿಕೊಳ್ಳುತ್ತಿದ್ದವರು ಹಿರಿಯ ವಿದ್ಯಾರ್ಥಿಗಳೇ. ಗುರುಗಳ ಮುಂದೆ ಹೋಗುವುದು ಆಮೇಲೆ. ಊರೂರಿನ ಐಗಳ ಮಠಗಳಲ್ಲಿ, ಕೂಲಿಮಠಗಳಲ್ಲಿ, ಗಾಂವಠಿ ಶಾಲೆಗಳಲ್ಲಿ ಉಸುಕಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದಾಗಲೂ ದೊಡ್ಡ ಹುಡುಗರೇ ಚಿಕ್ಕವರ ಕೈ ಹಿಡಿಯುತ್ತಿದ್ದರು. ಮದ್ರಾಸಿನ ಎಗ್ಮೋರಿನಲ್ಲಿ ಅನಾಥ ಬಾಲಕರ ಶಾಲೆಯನ್ನು ನೋಡಿಕೊಳ್ಳುತ್ತಿದ್ದ ಆಂಡ್ರ್ಯೂ ಬೆಲ್ ಎಂಬ ಪಾದ್ರಿ ಇಲ್ಲಿನ ಮಕ್ಕಳು ಹೀಗೆ ಉಸುಕಿನಲ್ಲಿ ಬರೆದು ಕಲಿಯುವುದನ್ನು ಕಂಡು ತಮ್ಮ ಶಾಲೆಗೂ ತಂದರು, ದೊಡ್ಡವರಿಂದ ಚಿಕ್ಕವರಿಗೆ ಪಾಠ ಹೇಳಿಸಿದರು, 1797ರಲ್ಲಿ ಲಂಡನ್ನಿನಲ್ಲಿ ಪುಸ್ತಕವನ್ನೂ ಅಚ್ಚು ಹಾಕಿಸಿದರು. ಅಲ್ಲಿ ಅದಕ್ಕೆ ಮದ್ರಾಸು ಪದ್ಧತಿಯೆಂದೇ ಹೆಸರಾಯಿತು. ಆದರೆ ಕಾಲಕ್ರಮದಲ್ಲಿ ನೂರಾರು ಮಕ್ಕಳಿಗೆ ಒಬ್ಬನೇ ಗುರು ಸಾಕೆಂಬ ಅಗ್ಗದ ಉಪಾಯವಾಗಿ ಅದು ಕವಾಯತಿನಂತಾದದ್ದೂ ಉಂಟು. ಒಳ್ಳೆಯ ಪದ್ಧತಿಯೊಂದು ಖರ್ಚು ಉಳಿಸುವ ದಾರಿಯಾದಾಗ ಹೇಗೆ ಕೆಡುತ್ತದೆಂಬುದನ್ನು ಇದರಲ್ಲಿ ನೋಡಬಹುದು.

ಹಳೆಯ ಪಾಠಶಾಲೆಯನ್ನು ನಾವು ಹೊಗಳಿ ಮುಗಿಸುವವರಲ್ಲ. ಕಂಠಪಾಠದಿಂದ ನಾಲಗೆ ತಿರುಗಿತು, ನೆನಪು ಬಲಿಯಿತು, ಇಂದಿಗೂ ಆ ಶಬ್ದಗಳು ಕರೆದರೆ ಬರುತ್ತವೆ. ‘ಏಕೆ’ ಎಂದು ಕೇಳುವ ಹುಡುಗನಿಗೆ ಮಾತ್ರ ಅಲ್ಲಿ ಜಾಗ ಕಡಿಮೆಯಿತ್ತು. ಹಳೆಯದರ ಈ ಕೊರತೆ ಹೊಸ ಶಾಲೆಗಳಿಗೂ ಬಳುವಳಿಯಾಗಿ ಬಂದಿದೆ. ಕಂಠಪಾಠದ ಶಿಸ್ತು ಮಾತ್ರ ದಾರಿಯಲ್ಲಿಯೇ ಉಳಿದು, ಅದರ ಜಾಗಕ್ಕೆ ಗೈಡು ಬಂದಿದೆ.

ನಮ್ಮ ರಾಜ್ಯದಲ್ಲಿ ಈ ಕೊರತೆಯನ್ನು ತುಂಬಲು ನಡೆದ ಪ್ರಯತ್ನಗಳಲ್ಲಿ ನಲಿಕಲಿಯನ್ನು ವಿಶೇಷವಾಗಿ ನೆನೆಯಬೇಕು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಯುನಿಸೆಫ್ ನೆರವಿನಿಂದ, ಆಂಧ್ರದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳ ಕ್ರಮವನ್ನು ನೋಡಿಬಂದ ಶಿಕ್ಷಕರು ಇದನ್ನು ಆರಂಭಿಸಿದರು. 2009-10ನೆಯ ಸಾಲಿನಿಂದ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳ ತರಗತಿಗಳಿಗೆ ವ್ಯಾಪಿಸಿತು. ಒಂದರಿಂದ ಮೂರನೆಯ ತರಗತಿಯ ಮಕ್ಕಳು ಒಂದೇ ಕೊಠಡಿಯಲ್ಲಿ ನೆಲದ ಮೇಲೆ ಗುಂಪುಗಳಾಗಿ ಕುಳಿತಿರುತ್ತಾರೆ. ಒಂದು ಗುಂಪಿಗೆ ಗುರುಗಳ ಪೂರ್ಣ ನೆರವು, ಇನ್ನೊಂದಕ್ಕೆ ಅರೆ ನೆರವು, ಮತ್ತೊಂದರಲ್ಲಿ ಜೊತೆಗಾರರ ನೆರವು, ಇನ್ನೊಂದರಲ್ಲಿ ಮಗು ತಾನೇ ಕಲಿಯುವುದು. ಪುಸ್ತಕದ ಬದಲು ಕಾರ್ಡುಗಳು. ಗೋಡೆಯ ಮೇಲೆ ಕಲಿಕೆಯ ಏಣಿ. ಮಗು ಎದ್ದು ಹೋಗಿ ತಾನು ಯಾವ ಮೆಟ್ಟಿಲಿನಲ್ಲಿದ್ದೇನೆಂದು ನೋಡಿಕೊಂಡು ತನ್ನ ಕಾರ್ಡನ್ನು ತಾನೇ ತೆಗೆದುಕೊಳ್ಳುತ್ತದೆ. ಕಾಯಿಲೆಯಿಂದಲೋ ಸುಗ್ಗಿಯ ಕೆಲಸದಿಂದಲೋ ಎಂಟು ದಿನ ತಪ್ಪಿಸಿಕೊಂಡ ಮಗು ಮರಳಿ ಬಂದಾಗ ಬಿಟ್ಟ ಮೆಟ್ಟಿಲಿನಿಂದಲೇ ಹತ್ತಬಹುದು. ನಮ್ಮ ಹಳ್ಳಿಗಳ ಬದುಕನ್ನು ಅರಿತವರಿಗೆ ಈ ಒಂದು ಗುಣದ ಬೆಲೆ ತಿಳಿಯುತ್ತದೆ.

ಮೊಮ್ಮಕ್ಕಳಿಗೆ ‘ಅ ಆ ಇ ಈ’ ಕಲಿಸದೆ ‘ರ ಗ ಸ ದ ಅ’ ಎಂದು ಏನೋ ಕಲಿಸುತ್ತಾರೆಂದು ಹಿರಿಯರು ನಮ್ಮಲ್ಲಿ ದೂರಿದ್ದಾರೆ. ವರ್ಣಮಾಲೆಯ ಕ್ರಮ ಶಾಸ್ತ್ರೀಯವಾದುದು, ವ್ಯಾಕರಣ ಓದಿದ ನಮಗೆ ಅದರ ಮೇಲೆ ಮೋಹವಿಲ್ಲದಿಲ್ಲ. ಆದರೆ ಸ್ವರಗಳನ್ನೆಲ್ಲ ಕಲಿತು ಮುಗಿಸಿದರೂ ಅವನ್ನಷ್ಟೇ ಕೂಡಿಸಿ ಓದಲು ಮಗುವಿಗೆ ಪದಗಳು ಸಿಗುವುದಿಲ್ಲ. ರ, ಗ, ಸ, ದ, ಅ ಎಂಬ ಐದೇ ಅಕ್ಷರ ಬಂದರೆ ಸರ, ರಸ, ದರ, ಅರಸ, ಅಗಸ, ಗರಗಸ ಎಲ್ಲವೂ ಬಂದವು! ಬಡಿಗರ ಮನೆಯ ಮಗು ಶಾಲೆಗೆ ಸೇರಿದ ಕೆಲವೇ ವಾರಗಳಲ್ಲಿ ‘ಗರಗಸ’ ಎಂದು ಓದಿ, ಮನೆಗೆ ಹೋಗಿ ತಂದೆಯ ಗರಗಸವನ್ನು ಮುಟ್ಟಿ ತೋರಿಸಬಹುದು. ಓದು ಎಂಬುದು ಅರ್ಥದ ಕಡೆಗೆ ಹೋಗುವ ಹಾದಿಯೆಂದು ಮಗುವಿಗೆ ಆಗಲೇ ತಿಳಿದಿರುತ್ತದೆ. ವರ್ಣಮಾಲೆಯ ಕ್ರಮವನ್ನು ಆಮೇಲೆ ಕಲಿತರೆ ನಷ್ಟವಿಲ್ಲ.

ಇದು ಆ ಪದ್ಧತಿಯ ಬಲ. ಅದು ಬಳಲಿರುವ ಕಡೆಗಳೂ ನಮ್ಮ ಕಣ್ಣಿಗೆ ಬಿದ್ದಿವೆ. ಕಾರ್ಡುಗಳು ಹರಿದು, ಕಳೆದು, ಏಣಿಯ ನಡುವಿನ ಮೆಟ್ಟಿಲುಗಳೇ ಇಲ್ಲದ ಕೊಠಡಿಗಳನ್ನು ಕಂಡಿದ್ದೇವೆ. ತರಬೇತಿ ಪಡೆದ ಶಿಕ್ಷಕರು ವರ್ಗವಾಗಿ ಹೋಗಿ, ಬಂದವರು ಕಾರ್ಡುಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದನ್ನೂ ಕಂಡಿದ್ದೇವೆ. ಮೂರು ತರಗತಿಗಳ ಮಕ್ಕಳನ್ನು ಒಬ್ಬರೇ ನೋಡಿಕೊಳ್ಳುವ ಕಡೆ, ಗುರುಗಳ ನೆರವಿನ ಗುಂಪು ಗದ್ದಲದಲ್ಲಿ ಕರಗಿ, ಸ್ವಕಲಿಕೆಯ ಗುಂಪು ಸುಮ್ಮನೆ ಕುಳಿತ ಗುಂಪಾಗಿಬಿಡುತ್ತದೆ. ಎಲ್ಲಕ್ಕಿಂತ ಹೆಚ್ಚಿನ ಎಡವು ನಾಲ್ಕನೆಯ ತರಗತಿಯ ಹೊಸ್ತಿಲಿನಲ್ಲಿದೆ. ಮೂರು ವರ್ಷ ತನ್ನ ವೇಗದಲ್ಲಿ ಏಣಿ ಹತ್ತಿದ ಮಗು ಒಂದು ಬೇಸಿಗೆ ರಜೆ ಕಳೆದು ಬರುವಷ್ಟರಲ್ಲಿ ಬೆಂಚು, ಪಠ್ಯಪುಸ್ತಕ, ಗಂಟೆಗೊಂದು ವಿಷಯ, ಎಲ್ಲರಿಗೂ ಒಂದೇ ಪುಟ. ಏಣಿಯ ಅರ್ಧದಲ್ಲಿದ್ದವರು ಎಲ್ಲಿ ಹೋಗಬೇಕು? ಅವರು ಆ ತುಟಿಯಾಡಿಸುವ ಸಾಲಿಗೆ ಸೇರಿಕೊಳ್ಳುತ್ತಾರೆ. ನಾಲ್ಕನೆಯ ತರಗತಿಯಲ್ಲಿಯೂ ದಸರೆಯವರೆಗೆ ಹಳೆಯ ಕಾರ್ಡುಗಳನ್ನು ಕೈಗೆಟಕುವಂತೆ ಇಟ್ಟುಕೊಂಡ ಗುರುಗಳೊಬ್ಬರನ್ನು ನಾವು ಬಲ್ಲೆವು. ಯಾವ ಸುತ್ತೋಲೆಯೂ ಅವರಿಗೆ ಹಾಗೆ ಹೇಳಿರಲಿಲ್ಲ.

ಮೌಲ್ಯಮಾಪನದ ಕತೆಯೂ ಹೀಗೆಯೇ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯು ಮಗುವಿನ ತಿಳಿವಳಿಕೆಯನ್ನು ನಿರಂತರವಾಗಿ, ವ್ಯಾಪಕವಾಗಿ ಅಳೆಯಬೇಕೆಂದಿತು. ಕಲಿಸುತ್ತಲೇ ಗಮನಿಸಿ ಕಲಿಸುವ ರೀತಿಯನ್ನು ತಿದ್ದಿಕೊಳ್ಳುವುದು ರೂಪಣಾತ್ಮಕ ಮೌಲ್ಯಮಾಪನದ ಉದ್ದೇಶ. ಬಹಳ ಕಡೆ ಅದು ವರ್ಷಕ್ಕೆ ನಾಲ್ಕು ಕಿರುಪರೀಕ್ಷೆಗಳಾಗಿ, ತುಂಬಬೇಕಾದ ನಮೂನೆಗಳಾಗಿ ನಿಂತಿದೆ. ಯೋಜನೆ ಎಂಬ ಹೆಸರಿನಲ್ಲಿ ಮಕ್ಕಳು ತರುವ ಚಿತ್ರಪಟಗಳನ್ನು ಪೇಟೆಯ ಅಂಗಡಿಯವರು ಮುದ್ರಿಸಿ ಮಾರುತ್ತಾರೆ. ತಾಯಿ ಅಂಟಿಸುತ್ತಾಳೆ, ಮಗುವಿಗೆ ಅಂಕ ಬರುತ್ತದೆ.

ಇಷ್ಟನ್ನು ಹೇಳಿ ದೋಷವನ್ನೆಲ್ಲ ಶಿಕ್ಷಕರ ತಲೆಗೆ ಕಟ್ಟಿದರೆ ಅನ್ಯಾಯವಾದೀತು. 2025ರ ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ರಾಜ್ಯದ ಸಾಮಾಜಿಕ ಹಾಗೂ ಶೈಕ್ಷಣಿಕ ಸಮೀಕ್ಷೆಗೆ ಮನೆಮನೆಗೆ ಅಲೆದವರಲ್ಲಿ ಹೆಚ್ಚಿನವರು ಶಿಕ್ಷಕರು. ಅದಕ್ಕಾಗಿ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಬೇಕಾಯಿತು. ಧರ್ಮದ ಕಾಲಂನಲ್ಲಿ ಏನು ಬರೆಸಬೇಕೆಂದು ನಮ್ಮ ಸಮಾಜದಲ್ಲಿ ಸಭೆಗಳ ಮೇಲೆ ಸಭೆಗಳಾದವು. ಬರೆದುಕೊಳ್ಳಲು ಬಾಗಿಲಲ್ಲಿ ನಿಂತವರ ತರಗತಿಯ ಪಾಠ ಎಲ್ಲಿಗೆ ನಿಂತಿದೆಯೆಂದು ನಾವು ಕುಳಿತ ಸಭೆಗಳಲ್ಲಿ ಒಬ್ಬರೂ ಕೇಳಲಿಲ್ಲ.

ಮನೆಯವರು ಏನು ಮಾಡಬಲ್ಲರು? ಪ್ರಥಮ್ ಸಂಸ್ಥೆಯ ‘ಅಸರ್’ ಸಮೀಕ್ಷೆಯನ್ನು ಪತ್ರಿಕೆಗಳಲ್ಲಿ ಓದಿರುತ್ತೀರಿ. 2005ರಲ್ಲಿ ಆರಂಭವಾದ ಅದರ ಕ್ರಮ ಬಲು ಸರಳ. ಸ್ವಯಂಸೇವಕರು ಹಳ್ಳಿಯ ಮನೆಗೆ ಹೋಗಿ, ಮಗುವಿನ ಎದುರು ಕುಳಿತು, ಅಕ್ಷರ, ಪದ, ನಾಲ್ಕು ಸಾಲು, ಎರಡನೆಯ ತರಗತಿಯ ಮಟ್ಟದ ಒಂದು ಕಿರುಕತೆ, ಇಷ್ಟನ್ನು ಓದಿಸಿ ಕೇಳಿಸಿಕೊಳ್ಳುತ್ತಾರೆ. ಗ್ರಾಮೀಣ ಭಾರತದ ಐದನೆಯ ತರಗತಿಯ ಮಕ್ಕಳಲ್ಲಿ ಆ ಕತೆಯನ್ನು ಓದಬಲ್ಲವರು 2018ರಲ್ಲಿ ಶೇಕಡಾ 50.5. ಕೊರೋನಾದ ಶಾಲಾಬಂದ್ ಕಳೆದ 2022ರಲ್ಲಿ 42.8. 2024ರಲ್ಲಿ 48.8. ಕಳೆದುಕೊಂಡದ್ದು ಬಹುಪಾಲು ಮರಳಿ ಬಂದಿದೆ, ಅದು ಶಿಕ್ಷಕರ ದುಡಿಮೆ. ಆದರೂ ಇಬ್ಬರಲ್ಲಿ ಒಬ್ಬ ಮಗುವಿಗೆ ತನಗಿಂತ ಮೂರು ತರಗತಿ ಕೆಳಗಿನ ಕತೆ ಓದಲು ಬಾರದು. ಆ ಸಮೀಕ್ಷಕರು ಮಾಡುವ ಕೆಲಸವನ್ನು ಪ್ರತಿ ಮನೆಯ ಅಜ್ಜಿಯೂ ಮಾಡಬಹುದು. ಅಜ್ಜಿಗೆ ಓದು ಬಾರದಿದ್ದರೂ ಸರಿಯೇ. ಮಗು ಎಡವುವುದು, ತಡೆಯುವುದು, ನೆನಪಿನಿಂದ ಹಾಡಿಬಿಡುವುದು ಕಿವಿಗೆ ತಿಳಿಯುತ್ತದೆ. ಓದಿದ ಮೇಲೆ “ಅದೇನು ಕತೆ, ನನಗೂ ಹೇಳು” ಎಂದು ಕೇಳಿದರೆ ಉಳಿದದ್ದು ತಿಳಿಯುತ್ತದೆ.

ಮನೆಯಲ್ಲಿ ಕಂಡುದನ್ನು ಶಾಲೆಯಲ್ಲಿ ಹೇಳಲು ದಾರಿಯೂ ಇದೆ. ರಾಜಾ ರಾಮಣ್ಣನವರ ಅಧ್ಯಕ್ಷತೆಯ ಕಾರ್ಯಪಡೆಯ ಸಲಹೆಯಂತೆ 2001ರಿಂದ ನಮ್ಮ ಸರ್ಕಾರಿ ಶಾಲೆಗಳಲ್ಲಿ ಶಾಲಾಭಿವೃದ್ಧಿ ಸಮಿತಿಗಳಿವೆ. ಇಂತಹ ಸಮಿತಿಯ ಸದಸ್ಯರಲ್ಲಿ ಮುಕ್ಕಾಲು ಪಾಲು ತಂದೆತಾಯಂದಿರೇ ಆಗಿರಬೇಕೆಂದು ಶಿಕ್ಷಣ ಹಕ್ಕು ಕಾಯ್ದೆ ವಿಧಿಸಿದೆ. ಹಳ್ಳಿಯೊಂದರ ಸಮಿತಿಯ ಠರಾವು ಪುಸ್ತಕವನ್ನು ಮುಖ್ಯೋಪಾಧ್ಯಾಯರು ನಮ್ಮ ಕೈಗಿತ್ತರು. ಒಂದು ವರ್ಷದಲ್ಲಿ ಹನ್ನೊಂದು ಠರಾವುಗಳಾಗಿದ್ದವು: ಕಂಪೌಂಡು ಗೋಡೆ, ನೀರಿನ ಟಾಕಿ, ಅಡುಗೆಯವರ ನೇಮಕ, ಧ್ವಜಸ್ತಂಭಕ್ಕೆ ಬಣ್ಣ, ಹೀಗೆ. ಓದಿನ ಮಾತು ಒಂದರಲ್ಲಿಯೂ ಇರಲಿಲ್ಲ.

ಅಂದಿನ ಸಭೆಯಲ್ಲಿ ಗೋಡೆಯ ಬದಿಗೆ ಸೆರಗು ಹೊದ್ದು ಕುಳಿತಿದ್ದ ತಾಯಿಯೊಬ್ಬರು ಎದ್ದು ನಿಂತರು. “ನನ್ನ ಮಗಳು ನಾಕನೇತ್ತಿ ಅದಾಳ್ರಿ ಸರ. ಓದಾಕ ಬರ್ತೈತೋ ಇಲ್ಲೋ, ಅಕಿನ್ನೊಬ್ಬಾಕಿನ್ನ ಕುಂದರಿಸಿ ಯಾರರ ಕೇಳೀರೇನ್ರಿ?” ಎಂದರು. ಸಭೆ ಒಂದು ಗಳಿಗೆ ಸುಮ್ಮನಾಯಿತು. ಮುಖ್ಯೋಪಾಧ್ಯಾಯರು ಸಿಟ್ಟಾಗಲಿಲ್ಲ. ನಾಲ್ಕನೆಯ ಮತ್ತು ಐದನೆಯ ತರಗತಿಯ ಪ್ರತಿ ಮಗುವಿನ ಓದನ್ನು ಒಬ್ಬೊಬ್ಬರಾಗಿ ಕೇಳುವುದು, ಆ ಹೊತ್ತಿನಲ್ಲಿ ಇಬ್ಬರು ತಾಯಂದಿರು ತರಗತಿಯಲ್ಲಿ ಕುಳಿತಿರುವುದು ಎಂದು ಹನ್ನೆರಡನೆಯ ಠರಾವನ್ನು ತಾವೇ ಬರೆದರು. ದಿನಾಂಕದ ಜಾಗವನ್ನು ಮಾತ್ರ ಖಾಲಿ ಬಿಟ್ಟಿದ್ದರು. ಬರುವ ಗುರುವಾರವೆಂದು ಅಲ್ಲಿಯೇ ಬರೆಸಿ, ಆ ತಾಯಿಯ ಸಹಿಯನ್ನೂ ಹಾಕಿಸಿ, ನಾವು ಊರಿಗೆ ಹೊರಟೆವು.